ಸಂಬಳ ಪುಸ್ತಕದ ಎಡಪುಟ

ಇಲ್ಲಿ ಶಾಲೆ ಓದಿದ ಯಾರನ್ನಾದರೂ ವಿ.ಓ.ಸಿ. ಯಾಕೆ ಮುಳುಗಿತು ಅಂತ ಕೇಳಿ ನೋಡಿ, ನಗುತ್ತಾ ‘ಫರ್‌ಗಾನ್ ಒಂಡರ್ ಕೊರುಪ್ಸಿ’ ಅನ್ನುತ್ತಾರೆ. ಭ್ರಷ್ಟಾಚಾರದಲ್ಲಿ ಹಾಳಾಯಿತು ಅಂತ ಅದರ ಅರ್ಥ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಹೆಸರಿನ ಮೂರು ಅಕ್ಷರಗಳನ್ನೇ ಹಿಡಿದು ಜನ ಕಟ್ಟಿದ ಮಾತು ಅದು. ನಾನು ಅದನ್ನು ಮೊದಲು ಕೇಳಿದ್ದು ಕ್ಯಾಂಟೀನಿನಲ್ಲಿ, ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಡಚ್ ಫಿಟ್ಟರ್ ಒಬ್ಬರ ಬಾಯಲ್ಲಿ. ನಾನೂ ನಕ್ಕೆ. ನೌಕರರು ಕದ್ದರು, ಕಂಪನಿ ಮುಳುಗಿತು, ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡೆ.

ಆಮೇಲೆ ನಮ್ಮ ಗೋದಾಮಿನಲ್ಲಿ ಒಂದು ಸಂಗತಿ ನಡೆಯಿತು. ಯಾವ ಗೋದಾಮು ಅಂತ ಕೇಳಬೇಡಿ. ಹೊರದೇಶಕ್ಕೆ ಹೋಗುವ ಸರಕಿನ ಲಾರಿ ಸಂಜೆ ಆರಕ್ಕೆ ಬಾಗಿಲು ಮುಚ್ಚಬೇಕು, ತಡವಾದರೆ ಬಂದರಿನಲ್ಲಿ ಹಡಗು ತಪ್ಪುತ್ತದೆ. ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತಿದರು ಅಂತ ಪ್ರತಿಯೊಬ್ಬರ ಕೈಯ ಸ್ಕ್ಯಾನರ್ ಲೆಕ್ಕ ಹಿಡಿಯುತ್ತದೆ. ಅಲ್ಲಿ ಕನ್ವೇಯರ್ ಬೆಲ್ಟಿನ ಒಂದು ಸೆನ್ಸರ್ ಸ್ವಲ್ಪ ಧೂಳು ಕೂತರೂ ಬೆಲ್ಟ್ ನಿಲ್ಲಿಸುತ್ತಿತ್ತು. ಬದಲಾಯಿಸಬೇಕು ಅಂತ ನಾನು ಎರಡು ಸಲ ಬರೆದುಕೊಟ್ಟಿದ್ದೆ. ಮೂರನೇ ವಾರ ಯಾರೋ ಸೆನ್ಸರಿನ ಕಣ್ಣೆದುರೇ ರಿಫ್ಲೆಕ್ಟರ್ ಟೇಪ್ ಅಂಟಿಸಿಬಿಟ್ಟರು. ಬೆಲ್ಟ್ ನಿಲ್ಲುವುದೇ ತಪ್ಪಿತು. ಲಾರಿಗಳು ಟೈಮಿಗೆ ಸರಿಯಾಗಿ ಹೊರಟವು. ನಾಲ್ಕು ದಿನ ಎಲ್ಲರಿಗೂ ಖುಷಿ. ಐದನೇ ದಿನ ಪೆಟ್ಟಿಗೆಗಳು ಒಂದರ ಮೇಲೊಂದು ಒತ್ತಿ ಬಿದ್ದು ಒಬ್ಬ ಹುಡುಗನ ಮಣಿಕಟ್ಟು ಮುರಿಯಿತು. ವರದಿಯಲ್ಲಿ ಕಾರಣ ಅಂತ ಇದ್ದದ್ದು ಎರಡೇ ಪದ: ‘ನೌಕರನ ನಿರ್ಲಕ್ಷ್ಯ’.

ಟೇಪ್ ಅಂಟಿಸಿದವರು ತಪ್ಪು ಮಾಡಿದ್ದು ಹೌದು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಗಂಟೆಯ ಲೆಕ್ಕ, ಆರು ಗಂಟೆಯ ಬಾಗಿಲು, ಬದಲಾಗದ ಸೆನ್ಸರ್, ಈ ಮೂರೂ ವರದಿಯಲ್ಲಿ ಇರಲಿಲ್ಲ. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಫಿಟ್ಟರ್ ಹೇಳಿದ ಮಾತು ನೆನಪಾಯಿತು. ಸುಮಾರು ಇನ್ನೂರು ವರ್ಷ ನಡೆದ ಕಂಪನಿಯ ವರದಿಯಲ್ಲೂ ಇದೇ ಎರಡು ಪದ ಬರೆದು ಮುಗಿಸಿದರೋ ಏನೋ ಅಂತ ಅನುಮಾನ ಬಂತು. ಅಲ್ಲಿಂದ ಓದಲು ಶುರು ಮಾಡಿದೆ. ಇದು ಐಟಿಐ ಕಲಿತವನ ಓದು. ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹುಡುಕುವ ಹಾಗೆ ಹುಡುಕಿದ್ದೇನೆ, ಅಷ್ಟೇ.

ವಿ.ಓ.ಸಿ. ಹುಟ್ಟಿದ್ದು 1602ರ ಮಾರ್ಚ್ 20ರಂದು. ಅದಕ್ಕೆ ಮೊದಲು ಇಲ್ಲಿನ ಒಂದೊಂದು ಊರಿನ ವ್ಯಾಪಾರಿಗಳೂ ತಮ್ಮತಮ್ಮ ಹಡಗು ಕಳಿಸಿ, ಅಲ್ಲಿ ಪೈಪೋಟಿಯಿಂದ ಮೆಣಸಿನ ಬೆಲೆ ಏರಿಸಿ, ಇಲ್ಲಿಗೆ ತಂದು ಪೈಪೋಟಿಯಿಂದಲೇ ಇಳಿಸಿಕೊಳ್ಳುತ್ತಿದ್ದರು. ಸರಕಾರ ಎಲ್ಲರನ್ನೂ ಹಿಡಿದು ಒಂದು ಕಂಪನಿ ಮಾಡಿತು. ಗುಡ್‌ಹೋಪ್ ಭೂಶಿರದಿಂದ ಪೂರ್ವಕ್ಕೆ ಬೇರೆ ಯಾವ ಡಚ್ ಹಡಗೂ ವ್ಯಾಪಾರಕ್ಕೆ ಹೋಗಕೂಡದು ಅಂತ ಸನ್ನದು ಕೊಟ್ಟಿತು. ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್. ಆಮ್‌ಸ್ಟರ್‌ಡ್ಯಾಮ್, ಮಿಡಲ್‌ಬರ್ಗ್, ಡೆಲ್ಫ್ಟ್, ರಾಟರ್‌ಡ್ಯಾಮ್, ಹೋರ್ನ್, ಎಂಕ್‌ಹೌಜನ್ ಹೀಗೆ ಆರು ಶಾಖೆ. ಮೇಲೆ ಕೂತು ಆಳುವವರು ಹದಿನೇಳು ಜನ ಯಜಮಾನರು. ಅವರಲ್ಲಿ ಎಂಟು ಜನ ಆಮ್‌ಸ್ಟರ್‌ಡ್ಯಾಮಿನವರು. ಹದಿನೇಳನೆಯವ ಮಾತ್ರ ಉಳಿದ ಊರುಗಳಿಂದ ಸರದಿಯಲ್ಲಿ ಬರಬೇಕು, ಯಾಕೆಂದರೆ ಇಲ್ಲವಾದರೆ ಎಲ್ಲ ತೀರ್ಮಾನವೂ ಆಮ್‌ಸ್ಟರ್‌ಡ್ಯಾಮಿನ ಕೈಗೆ ಹೋಗುತ್ತಿತ್ತು.

ಈ ಕಂಪನಿಗೆ ಕೋಟೆ ಕಟ್ಟುವ, ಯುದ್ಧ ಮಾಡುವ, ರಾಜರ ಜತೆ ಒಪ್ಪಂದ ಮಾಡಿಕೊಳ್ಳುವ ಹಕ್ಕೂ ಇತ್ತು. ಅದರ ನಿಯಮ ಮುರಿದರೆ ಏನಾಗುತ್ತದೆ ಅನ್ನುವುದನ್ನು 1621ರಲ್ಲಿ ಬಾಂದಾ ದ್ವೀಪದವರು ಕಂಡರು. ಜಾಯಿಕಾಯಿಯನ್ನು ಕಂಪನಿಗೊಂದಕ್ಕೇ ಮಾರಬೇಕು ಅನ್ನುವ ಕರಾರು ಅವರು ಮೀರಿದರು ಅಂತ ಯಾನ್ ಪೀಟರ್‌ಸೂನ್ ಕೂನ್ ದಂಡು ತೆಗೆದುಕೊಂಡು ಹೋಗಿ ಸಾವಿರಾರು ಜನರನ್ನು ಕೊಲ್ಲಿಸಿದ, ಉಳಿದವರನ್ನು ಗುಲಾಮರನ್ನಾಗಿ ಸಾಗಿಸಿದ. ಹೋರ್ನ್ ಊರಿನ ಚೌಕದಲ್ಲಿ ಅವನ ಪ್ರತಿಮೆ ಈಗಲೂ ಇದೆ. ಅದು ಇರಬೇಕೋ ಬೇಡವೋ ಅಂತ ಇಲ್ಲಿಯವರೇ ಜಗಳವಾಡುತ್ತಾರೆ.

ನಮ್ಮ ಕರಾವಳಿಯಲ್ಲಿ ಕಂಪನಿಗೆ ಅಷ್ಟು ದರ್ಪ ನಡೆಯಲಿಲ್ಲ. ನಾನು ಕುಂದಾಪುರ ಕಡೆಯವನು. ಬಸ್ರೂರು ನಮ್ಮಲ್ಲಿಂದ ಸೈಕಲ್ ತುಳಿಯುವ ದೂರ. ಚಿಕ್ಕಂದಿನಲ್ಲಿ ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋದಾಗ ಇದೊಂದು ನಿದ್ದೆ ಮಾಡುವ ಊರು ಅಂತಲೇ ಅನಿಸುತ್ತಿತ್ತು. ಡಚ್ಚರ ಕಾಗದಪತ್ರಗಳಲ್ಲಿ ಅದೇ ಊರು ‘ಬಾರ್ಸೆಲೋರ್’ ಅಂತ ಬರುವುದನ್ನು ಇಲ್ಲಿ ನೋಡಿದಾಗ ಮೈ ಜುಮ್ ಅಂದಿತು. ವಾರಾಹಿ ಹೊಳೆ ದಂಡೆಯ ಬಂದರು ಅದು. 1569ರಲ್ಲಿ ಪೋರ್ಚುಗೀಸರು ಹಿಡಿದಿದ್ದರು. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರಹಾಕಿದ. ಆಮೇಲೆ ಬಂದವರು ಡಚ್ಚರು, ಆದರೆ ಆಳುವುದಕ್ಕಲ್ಲ, ಅಕ್ಕಿ ಕೊಳ್ಳುವುದಕ್ಕೆ.

ಯಾಕೆ ಅಕ್ಕಿ? 1663ರಲ್ಲಿ ಕಂಪನಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಸಿದುಕೊಂಡಿತು. ಮಲಬಾರಿನಲ್ಲಿ ಮೆಣಸು ಬೇಕಾದಷ್ಟು, ಅಕ್ಕಿ ಸಾಲದು. ಕೋಟೆಯಲ್ಲಿ ಕೂತ ಸೈನಿಕ ಮೆಣಸು ತಿಂದು ಬದುಕುವುದಿಲ್ಲವಲ್ಲ. ಆದ್ದರಿಂದ ಬಸ್ರೂರಿನಲ್ಲಿ ಕೋಠಿ. 1727ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅನ್ನುವ ಹಡಗಿನ ಕಪ್ತಾನ ಇದನ್ನೇ ಹೇಳುತ್ತಾನೆ: ಡಚ್ಚರು ಇಲ್ಲಿರುವುದು ಮಲಬಾರಿನ ತಮ್ಮ ಕೋಟೆಗಳಿಗೆ ಅಕ್ಕಿ ಕಳಿಸುವುದಕ್ಕೆ ಅಂತ. ಪೋರ್ಚುಗೀಸರ ಲೆಕ್ಕದಲ್ಲಿ ಒಳ್ಳೆಯ ಅಕ್ಕಿಗೆ ‘ಜಿರಸಾಲ್’ ಅನ್ನುವ ಹೆಸರಿದೆ. ನಮ್ಮ ಅಮ್ಮ ಇವತ್ತಿಗೂ ಪಾಯಸಕ್ಕೆ ಜೀರಸಾಲೆ ಅಕ್ಕಿಯೇ ಆಗಬೇಕು ಅನ್ನುತ್ತಾಳೆ.

ಇಲ್ಲಿಂದ ಮುಂದೆ ಇದನ್ನು ಸರಕು ಸಾಗಣೆಯವನ ಕಣ್ಣಿಂದ ನೋಡಿ. ನಮ್ಮ ಕಡಲು ಜೂನ್‌ನಿಂದ ಮುಚ್ಚುತ್ತದೆ. ಮಳೆಗಾಲದಲ್ಲಿ ಆ ಅಳಿವೆ ಬಾಯಿ ದಾಟಿ ಹಡಗು ಹೊರಡುವುದು ಸಾಯುವವರ ಕೆಲಸ. ಬೆಳೆ ಕೊಯ್ದು, ಭತ್ತ ಕುಟ್ಟಿ, ಮುಡಿ ಕಟ್ಟಿ, ದೋಣಿಯಲ್ಲಿ ಹೊಳೆ ಇಳಿಸಿ, ಮಳೆ ಬರುವುದರೊಳಗೆ ಕೊಚ್ಚಿಗೆ ಮುಟ್ಟಿಸಬೇಕು. ತಪ್ಪಿದರೆ ನವರಾತ್ರಿ ಹೊತ್ತಿನವರೆಗೆ ಕೋಟೆ ಹಸಿದಿರಬೇಕು. ಇದು ಯಾವ ಯಜಮಾನ ಹಾಕಿದ ನಿಯಮವೂ ಅಲ್ಲ, ಮಳೆ ಹಾಕಿದ್ದು. ಹಳೆಯ ತಲೆಯವರಿಗೆ ಮುಡಿ ಗೊತ್ತಿರುತ್ತದೆ. ಒಣಹುಲ್ಲು ಹಾಸಿ, ಅಕ್ಕಿ ತುಂಬಿ, ಹುಲ್ಲಿನ ಹಗ್ಗದಲ್ಲಿ ಚೆಂಡಿನ ಹಾಗೆ ಬಿಗಿಯುವ ಕಟ್ಟು. ನಮ್ಮ ಕಡೆಯ ಲೆಕ್ಕದಲ್ಲಿ ಒಂದು ಮುಡಿಗೆ 42 ಸೇರು. ತೇವ ತಾಗುವುದಿಲ್ಲ, ಹುಳ ಬೇಗ ಬೀಳುವುದಿಲ್ಲ, ಉರುಳಿಸಿಕೊಂಡೂ ಹೋಗಬಹುದು. ಇಲ್ಲಿ ಪ್ಯಾಕೇಜಿಂಗ್ ಬಗ್ಗೆ ಟ್ರೈನಿಂಗ್ ಕೊಡುವಾಗೆಲ್ಲ ನನಗೆ ಅಜ್ಜ ಮುಡಿ ಕಟ್ಟುತ್ತಿದ್ದ ರೀತಿ ಕಣ್ಣಿಗೆ ಬರುತ್ತದೆ.

ಮಳೆಯ ನಿಯಮಕ್ಕೆ ಎಲ್ಲರೂ ಹೊಂದಿಕೊಂಡರು. ಯಜಮಾನರ ನಿಯಮಕ್ಕೆ ಹೊಂದಿಕೊಳ್ಳುವುದು ಕಷ್ಟವಾಯಿತು. ಆಮ್‌ಸ್ಟರ್‌ಡ್ಯಾಮಿನಿಂದ ವರ್ಷಕ್ಕೊಂದು ‘ಐಸ್’ ಹೊರಡುತ್ತಿತ್ತು. ಐಸ್ ಅಂದರೆ ಇಂತಿಂಥ ಸರಕು ಇಷ್ಟಿಷ್ಟು ಬೇಕು ಅನ್ನುವ ಪಟ್ಟಿ. ಅದು ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಕ್ಕೆ, ಮುಟ್ಟಲು ಆರೇಳು ತಿಂಗಳಿಂದ ಒಂಬತ್ತು ತಿಂಗಳು. ಅಲ್ಲಿಂದ ಒಂದೊಂದು ಕೋಠಿಗೆ ಹಂಚಿಕೆ. ಸರಕು ಕೂಡಿ, ಬಟಾವಿಯಾ ಸೇರಿ, ವಾಪಸು ಹಡಗು ಹತ್ತಿ ಇಲ್ಲಿಗೆ ಬರುವಾಗ ಎರಡು ವರ್ಷ ದಾಟಿರುತ್ತಿತ್ತು. ಬೆಲೆ ಅಷ್ಟರಲ್ಲಿ ಎಲ್ಲಿಗೆ ಹೋಗಿರುತ್ತದೋ. ಆದರೂ ಕೋಠಿಯವನ ಕೆಲಸವನ್ನು ಅಳೆಯುವುದು ಆ ಪಟ್ಟಿಯಿಂದಲೇ.

ಹಡಗಿನ ದಾರಿಗೂ ನಿಯಮವಿತ್ತು. ಮೊದಲು ಆಫ್ರಿಕಾ ದಾಟಿದ ಹಡಗುಗಳು ಉತ್ತರಕ್ಕೆ ತಿರುಗಿ ಸುತ್ತಿ ಹೋಗುತ್ತಿದ್ದವು, ಒಂದು ವರ್ಷವೂ ಹಿಡಿಯುತ್ತಿತ್ತು. 1611ರಲ್ಲಿ ಹೆಂಡ್ರಿಕ್ ಬ್ರೌವರ್ ಅನ್ನುವವನು ದಕ್ಷಿಣಕ್ಕೆ ಇಳಿದು, ಪಡುವಣ ಗಾಳಿ ಹಿಡಿದು ನೆಟ್ಟಗೆ ಪೂರ್ವಕ್ಕೆ ಓಡಿ, ಆಮೇಲೆ ಉತ್ತರಕ್ಕೆ ತಿರುಗಿದ. ಆರು ತಿಂಗಳ ಆಸುಪಾಸಿನಲ್ಲಿ ಮುಟ್ಟಿದ. ಕೆಲವೇ ವರ್ಷಗಳಲ್ಲಿ ಕಂಪನಿ ಈ ದಾರಿಯನ್ನು ಕಡ್ಡಾಯ ಮಾಡಿತು. ಬೇಗ ಮುಟ್ಟಿದವರಿಗೆ ಇನಾಮೂ ಇಟ್ಟಿತು. ಒಳ್ಳೆಯ ನಿಯಮವೇ. ಆದರೆ ಪೂರ್ವಕ್ಕೆ ಎಷ್ಟು ದೂರ ಬಂದೆವು ಅಂತ ಸಮುದ್ರದ ಮೇಲೆ ಸರಿಯಾಗಿ ಅಳೆಯುವ ಉಪಕರಣ ಆ ಕಾಲದಲ್ಲಿ ಇರಲಿಲ್ಲ. ತಿರುಗುವ ಜಾಗ ತಪ್ಪಿದರೆ ಎದುರಿಗೆ ಆಸ್ಟ್ರೇಲಿಯಾದ ಬಂಡೆ. 1629ರ ಜೂನ್‌ನಲ್ಲಿ ‘ಬಟಾವಿಯಾ’ ಹಡಗು ಅಲ್ಲೇ ಒಡೆಯಿತು. ಲೇಲಿಸ್ಟಾಡ್‌ನಲ್ಲಿ ಅದೇ ಅಳತೆಯಲ್ಲಿ ಕಟ್ಟಿದ ಹಡಗನ್ನು ನಿಮ್ಮಲ್ಲಿ ಕೆಲವರು ಮಕ್ಕಳ ಜತೆ ನೋಡಿರಬಹುದು. ವೇಗದ ನಿಯಮ ಮೊದಲು ಬಂತು, ಸೆನ್ಸರ್ ನೂರೈವತ್ತು ವರ್ಷ ತಡವಾಗಿ ಬಂತು ಅಂತ ನನ್ನ ಭಾಷೆಯಲ್ಲಿ ಹೇಳಬಹುದು.

ಇಲ್ಲಿಗೆ ಬಂದು ಮುಟ್ಟಿದರೂ ಮುಗಿಯಲಿಲ್ಲ. ದೊಡ್ಡ ಹಡಗುಗಳು ಟೆಕ್ಸೆಲ್ ದ್ವೀಪದ ಹತ್ತಿರ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನ ಬಾಗಿಲಲ್ಲೇ ಪಾಂಪಸ್ ಅನ್ನುವ ಕಡೆ ನೀರು ಆಳವಿಲ್ಲ. 1690ರ ಸುಮಾರಿಗೆ ಮೇವಿಸ್ ಮೈಂಡರ್ಟ್ಸ್ ಬಾಕರ್ ಅನ್ನುವವನು ಒಂದು ಉಪಾಯ ಮಾಡಿದ. ಹಡಗಿನ ಎರಡು ಮಗ್ಗುಲಿಗೂ ನೀರು ತುಂಬಿದ ದೊಡ್ಡ ಮರದ ತೊಟ್ಟಿಗಳನ್ನು ಬಿಗಿದು, ಆಮೇಲೆ ನೀರನ್ನು ಪಂಪ್ ಮಾಡಿ ಹೊರಹಾಕಿದರೆ ತೊಟ್ಟಿ ತೇಲಿ ಹಡಗನ್ನೂ ಎತ್ತುತ್ತದೆ. ಇದಕ್ಕೆ ‘ಹಡಗಿನ ಒಂಟೆ’ ಅಂತ ಹೆಸರು. ಸುಸ್ತಾಗಿ ಬಿದ್ದುಕೊಂಡವನಿಗೆ ಇಲ್ಲಿ ‘ಪಾಂಪಸ್ ಮುಂದೆ ಬಿದ್ದಿದ್ದಾನೆ’ ಅನ್ನುತ್ತಾರಲ್ಲ, ಆ ಮಾತು ಕಾದು ನಿಂತ ಈ ಹಡಗುಗಳಿಂದ ಬಂದದ್ದು. ಶುಕ್ರವಾರ ಸಂಜೆ ನಮ್ಮ ಸೂಪರ್‌ವೈಸರ್ ಅದನ್ನು ನನಗೇ ಹೇಳುವುದುಂಟು.

ಈಗ ನಾನು ಹೇಳಬೇಕಾಗಿದ್ದ ವಿಷಯಕ್ಕೆ ಬರುತ್ತೇನೆ: ಸಂಬಳ.

ಕಂಪನಿಯ ಹಡಗು ಹತ್ತಿ ಇಲ್ಲಿಂದ ಏಷ್ಯಾಕ್ಕೆ ಹೋದವರು ಎರಡು ಶತಮಾನದಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಜನ. ವಾಪಸು ಬಂದವರು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಎಲ್ಲರೂ ಡಚ್ಚರಲ್ಲ. ಜರ್ಮನಿಯಿಂದ, ಸ್ಕ್ಯಾಂಡಿನೇವಿಯಾದಿಂದ, ಇನ್ನೂ ಎಲ್ಲೆಲ್ಲಿಂದಲೋ ಕೆಲಸ ಹುಡುಕಿಕೊಂಡು ಬಂದವರು ಸುಮಾರು ಅರ್ಧ ಜನ. ನಮ್ಮ ಹಾಗೆ ಅನ್ನಿ. ಸೈನಿಕನಿಗೆ ತಿಂಗಳಿಗೆ 9 ಗಿಲ್ಡರ್. ನಾವಿಕನಿಗೆ 7ರಿಂದ 11. ಕರಾರು ನಾವಿಕನಿಗೆ ಮೂರು ವರ್ಷ, ಸೈನಿಕನಿಗೆ ಐದು ವರ್ಷ, ಹೋಗಿಬರುವ ಪ್ರಯಾಣ ಬಿಟ್ಟು. ಹೆಸರು ಬರೆಸಿದ ದಿನದಿಂದ ಸಂಬಳ ಶುರುವಾಗುವುದಿಲ್ಲ. ಹಡಗು ಕೊನೆಯ ಬೋಯಾ ದಾಟಿ ತೆರೆದ ಸಮುದ್ರಕ್ಕೆ ಇಳಿದ ಮೇಲೆ ಶುರು. ಅದಕ್ಕೆ ಮೊದಲು ಗಾಳಿ ಸರಿಯಿಲ್ಲ ಅಂತ ವಾರಗಟ್ಟಲೆ ಕಾದರೆ ಆ ಕಾಯುವಿಕೆಗೆ ಕಾಸಿಲ್ಲ. ಏಜೆನ್ಸಿಯಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂಡಿದ ಸಂಬಳದ ದೊಡ್ಡ ಪಾಲು ಕೈಗೆ ಬರುವುದು ವಾಪಸು ಬಂದ ಮೇಲೆ. ಹೆಂಡತಿ ಮಕ್ಕಳಿಗೆ ಅಥವಾ ತಂದೆತಾಯಿಗೆ ಅಂತ ವರ್ಷಕ್ಕೆ ಮೂರು ತಿಂಗಳ ಸಂಬಳವನ್ನು ಬರೆದಿಡಬಹುದಿತ್ತು. ಅದಕ್ಕೆ ‘ಮಾಂಡ್‌ಬ್ರೀಫ್’, ತಿಂಗಳ ಪತ್ರ, ಅಂತ ಹೆಸರು. ಇದಲ್ಲದೆ ಇನ್ನೊಂದು ಕಾಗದವಿತ್ತು, ಸಾಲದ ಪತ್ರ, ಹೆಚ್ಚೆಂದರೆ 150 ಗಿಲ್ಡರ್. ಅದನ್ನು ಬರೆಸಿಕೊಳ್ಳುತ್ತಿದ್ದವರು ಹುಡುಗರನ್ನು ಕಂಪನಿಗೆ ಸೇರಿಸುವ ಏಜೆಂಟರು.

ವ್ಯವಸ್ಥೆ ಹೀಗೆ. ಜರ್ಮನಿಯ ಯಾವುದೋ ಹಳ್ಳಿಯಿಂದ ಒಬ್ಬ ಹುಡುಗ ಆಮ್‌ಸ್ಟರ್‌ಡ್ಯಾಮಿಗೆ ಬರುತ್ತಾನೆ. ಕೈಯಲ್ಲಿ ದುಡ್ಡಿಲ್ಲ. ಏಜೆಂಟ್ ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತಾನೆ, ಊಟ ಹಾಕುತ್ತಾನೆ, ಕಂಪನಿ ಹೆಸರು ಬರೆಸಿಕೊಳ್ಳುವ ದಿನದವರೆಗೆ ಕಾಯಿಸುತ್ತಾನೆ. ಪೆಟ್ಟಿಗೆ, ಬಟ್ಟೆ, ಹಾಸಿಗೆ ಕೊಡಿಸುತ್ತಾನೆ. ಎಲ್ಲಕ್ಕೂ ತಾನು ಹೇಳಿದ್ದೇ ರೇಟು. ಬದಲಿಗೆ ಸಾಲದ ಪತ್ರ. ಕಂಪನಿ ಆ ದುಡ್ಡನ್ನು ಹುಡುಗ ದುಡಿದ ಹಾಗೆ ಅವನ ಸಂಬಳದಿಂದ ಮುರಿದು ಪತ್ರ ಇಟ್ಟುಕೊಂಡವನಿಗೆ ಕೊಡುತ್ತದೆ. ಹುಡುಗ ದಾರಿಯಲ್ಲೇ ಸತ್ತರೆ ಪತ್ರಕ್ಕೆ ಬೆಲೆಯಿಲ್ಲ. ಅಷ್ಟು ವರ್ಷ ಕಾಯುವ ಶಕ್ತಿ ಈ ಸಣ್ಣ ಏಜೆಂಟನಿಗೂ ಇಲ್ಲ. ಹಾಗಾಗಿ ಅವನು ಪತ್ರವನ್ನು ಕಡಿಮೆ ಬೆಲೆಗೆ ದೊಡ್ಡ ಸಾಹುಕಾರನಿಗೆ ಮಾರುತ್ತಾನೆ. ಒಬ್ಬ ಸತ್ತರೂ ಇನ್ನೊಬ್ಬ ಬದುಕುತ್ತಾನೆ ಅನ್ನುವ ಲೆಕ್ಕದಲ್ಲಿ ಸಾಹುಕಾರ ನೂರಾರು ಪತ್ರ ಕೂಡಿಹಾಕುತ್ತಾನೆ. ಈ ಏಜೆಂಟರನ್ನು ಜನ ‘ಝೀಲ್‌ಫರ್‌ಕೋಪರ್’ ಅಂದರು. ಪತ್ರ ಮಾರುವವ ಅನ್ನುವ ಪದವೇ ಬಾಯಿಂದ ಬಾಯಿಗೆ ತಿರುಗಿ ‘ಆತ್ಮ ಮಾರುವವ’ ಅಂತಾಯಿತು ಅಂತ ಹೇಳುತ್ತಾರೆ.

ಲೆಕ್ಕ ಹಾಕಿ ನೋಡಿ. 150ನ್ನು 9ರಿಂದ ಭಾಗಿಸಿದರೆ ಹದಿನಾರು ತಿಂಗಳು ದಾಟಿ ಹದಿನೇಳನೆಯದಕ್ಕೆ ಬರುತ್ತದೆ. ಮುಂಗಡ ಸಂಬಳ, ಪೆಟ್ಟಿಗೆಯ ಖರ್ಚು, ಮನೆಗೆ ಕಳಿಸಿದ್ದು ಎಲ್ಲ ಸೇರಿದರೆ ಮೊದಲ ಎರಡು ವರ್ಷ ಆ ಹುಡುಗ ತನಗಾಗಿ ಒಂದು ಕಾಸೂ ದುಡಿಯುವುದಿಲ್ಲ. ನಾನು ಇಲ್ಲಿಗೆ ಬರುವ ಮೊದಲು ಗಲ್ಫ್‌ನಲ್ಲಿದ್ದೆ. ವೀಸಾಕ್ಕೆ ಅಂತ ಏಜೆಂಟನಿಗೆ ಕೊಟ್ಟ ದುಡ್ಡು ಅಪ್ಪ ಬಡ್ಡಿಗೆ ತಂದದ್ದು. ಮೊದಲ ಹನ್ನೊಂದು ತಿಂಗಳು ನನ್ನ ಸಂಬಳ ಊರಿಗೆ ಹೋಗಿ ಊರಿಂದ ಇನ್ನೊಬ್ಬರ ಕೈಗೆ ಹೋಯಿತು. ಬಟಾವಿಯಾಕ್ಕೆ ಹೋದವನ ಹದಿನೇಳು ತಿಂಗಳು ನನಗೆ ಪುಸ್ತಕದ ಅಂಕಿ ಅನಿಸಲಿಲ್ಲ.

ಈ ಸಂಬಳ ಇಟ್ಟುಕೊಂಡು ಕಂಪನಿ ಮಾಡಿದ ಇನ್ನೊಂದು ನಿಯಮ ಕೇಳಿ. ಯಾವ ನೌಕರನೂ ಸ್ವಂತ ವ್ಯಾಪಾರ ಮಾಡಕೂಡದು. ಹಡಗಿನಲ್ಲಿ ಎಲ್ಲರನ್ನೂ ಸೇರಿಸಿ ನಿಯಮಾವಳಿ ಓದಿ ಪ್ರಮಾಣ ಮಾಡಿಸುತ್ತಿದ್ದರು. ತನ್ನ ಸಾಮಾನಿಗೆ ಒಂದು ಪೆಟ್ಟಿಗೆ ಮಾತ್ರ ಒಯ್ಯಬಹುದು, ಅದರ ಉದ್ದ ಅಗಲ ಹುದ್ದೆಯ ಪ್ರಕಾರ. ಆದರೆ ಬಂಗಾಳದ ಒಂದು ಗಂಟು ಬಟ್ಟೆಯೋ, ಒಂದಿಷ್ಟು ಚಹಾವೋ ಇಲ್ಲಿ ಮಾರಿದರೆ ತಿಂಗಳುಗಟ್ಟಲೆಯ ಸಂಬಳಕ್ಕಿಂತ ಹೆಚ್ಚು ಸಿಗುತ್ತದೆ ಅಂತ ಪ್ರತಿ ನಾವಿಕನಿಗೂ ಗೊತ್ತಿತ್ತು. ಪೆಟ್ಟಿಗೆಗಳು ಬೆಳೆದವು, ಸಂಖ್ಯೆಯೂ ಬೆಳೆಯಿತು. ಕೊನೆಗೆ ಖಾಸಗಿ ಸಾಮಾನು ತುಂಬಿ ಹಡಗಿನಲ್ಲಿ ಓಡಾಡುವುದೇ ಕಷ್ಟ ಅನ್ನುವ ದೂರುಗಳು ಬರತೊಡಗಿದವು.

ನಾವಿಕನ ಪೆಟ್ಟಿಗೆ ಸಣ್ಣದು. ದೊಡ್ಡದು ನಡೆಯುತ್ತಿದ್ದದ್ದು ಮೇಲೆ. ಹಿರಿಯ ವ್ಯಾಪಾರಿ ಅನ್ನುವ ಹುದ್ದೆಯವನಿಗೆ ತಿಂಗಳಿಗೆ 80ರಿಂದ 100 ಗಿಲ್ಡರ್. ಅವನ ಕೈಯಲ್ಲಿ ಲಕ್ಷಗಟ್ಟಲೆ ಗಿಲ್ಡರಿನ ಸರಕು. ನೇಕಾರನಿಂದ ಕಡಿಮೆಗೆ ಕೊಂಡು ಕಂಪನಿಯ ಪುಸ್ತಕದಲ್ಲಿ ಹೆಚ್ಚು ಬರೆಯುವುದು ಒಂದು ದಾರಿ. ಉಗ್ರಾಣದಲ್ಲಿ ಇನ್ನೊಂದು ದಾರಿ. ಮೆಣಸು ಒಣಗಿದರೆ ತೂಕ ಕಡಿಮೆಯಾಗುತ್ತದೆ, ಅಕ್ಕಿಯನ್ನು ಇಲಿ ತಿನ್ನುತ್ತದೆ, ಸಾಗಿಸುವಾಗ ಚೆಲ್ಲುತ್ತದೆ. ಇದಕ್ಕೆಲ್ಲ ನೂರಕ್ಕೆ ಇಷ್ಟು ಅಂತ ಕಂಪನಿಯೇ ಸೋರಿಕೆ ಒಪ್ಪಿಕೊಂಡಿತ್ತು. ಉಗ್ರಾಣದವನು ಜಾಗ್ರತೆಯಿಂದ ಇದ್ದು ಅಷ್ಟು ಸೋರದಂತೆ ನೋಡಿಕೊಂಡರೆ ಉಳಿದದ್ದು ಅವನ ಜೇಬಿಗೆ. ಕೊಳ್ಳುವಾಗ ತಕ್ಕಡಿ ಸ್ವಲ್ಪ ಆ ಕಡೆ ವಾಲಿಸಿದರೆ ಇನ್ನೂ ಹೆಚ್ಚು. ಅಂದರೆ ಜಾಗ್ರತೆಯ ಲಾಭ ಕಂಪನಿಗೆ ಬರಲಿಲ್ಲ, ನಷ್ಟ ಮಾರಿದ ರೈತನಿಗೆ ಹೋಯಿತು, ಪುಸ್ತಕ ಮಾತ್ರ ಚೊಕ್ಕ.

ಮಲಬಾರಿನಲ್ಲಿ ಬೆಲೆಯ ನಿಯಮವೇ ಮುಳುವಾಯಿತು. ಅರಸರ ಜತೆ ಕರಾರು ಮಾಡಿಕೊಂಡು, ಮೆಣಸೆಲ್ಲ ಕಂಪನಿಗೇ, ಅದೂ ಪೇಟೆಗಿಂತ ಕಡಿಮೆ ನಿಗದಿ ಬೆಲೆಗೆ ಅಂದರು. ಬೆಳೆದವನು ಸುಮ್ಮನೆ ಇರುತ್ತಾನೆಯೇ? ಮೆಣಸು ಎತ್ತುಗಳ ಬೆನ್ನೇರಿ ಘಟ್ಟ ಹತ್ತಿ ಆ ಕಡೆಯ ತಮಿಳುನಾಡಿಗೆ ಹೋಯಿತು. ಸಣ್ಣ ದೋಣಿಗಳಲ್ಲಿ ಬೇರೆ ವ್ಯಾಪಾರಿಗಳ ಕೈ ಸೇರಿತು. ಕಾಯಲು ಕಂಪನಿ ಕೋಟೆ ಕಟ್ಟಿತು, ಸೈನಿಕರನ್ನು ಇಟ್ಟಿತು, ಆ ಸೈನಿಕರಿಗೆ ನಮ್ಮ ಬಸ್ರೂರಿನ ಅಕ್ಕಿ ತರಿಸಿತು. ಕಡಿಮೆ ಬೆಲೆಗೆ ಕೊಂಡ ಮೆಣಸಿನ ಲಾಭ ಕಾವಲಿನ ಖರ್ಚಿಗೇ ಹೋಗತೊಡಗಿತು. ಬಸ್ರೂರಿನಲ್ಲಿ ಮಾತ್ರ ಬಂದರು ಕೆಳದಿಯವರ ಕೈಯಲ್ಲಿತ್ತು. ಅಲ್ಲಿ ಡಚ್ಚರೂ ಎಲ್ಲರ ಹಾಗೆ ಪೇಟೆಯ ಗಿರಾಕಿ.

ಕಳ್ಳತನ ಹಿಡಿಯಲು ಕಂಪನಿ ಏನೂ ಮಾಡಲಿಲ್ಲ ಅಂತಲ್ಲ. 1684ರಲ್ಲಿ ಹೆಂಡ್ರಿಕ್ ಫಾನ್ ರೇಡೆ ಅವರನ್ನು ತನಿಖೆಗೆ ನೇಮಿಸಿತು. ಈ ಹೆಸರು ನಮ್ಮವರಿಗೆ ಬೇರೆ ಕಾರಣಕ್ಕೆ ಗೊತ್ತಿರಬೇಕು. 1670ರಿಂದ 1677ರವರೆಗೆ ಮಲಬಾರಿನ ಮುಖ್ಯಸ್ಥರಾಗಿದ್ದು ‘ಹೋರ್ಟಸ್ ಮಲಬಾರಿಕಸ್’ ಅನ್ನುವ ಹನ್ನೆರಡು ಸಂಪುಟಗಳ ಗಿಡಮೂಲಿಕೆ ಗ್ರಂಥ ಮಾಡಿಸಿದವರು. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ವೈದ್ಯ ಇಟ್ಟಿ ಅಚ್ಯುತನ್ ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವಿದ್ವಾಂಸರು ಅದಕ್ಕೆ ನೆರವಾದವರು. ಅವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ಪತ್ರ ಆ ಪುಸ್ತಕದಲ್ಲೇ ಅಚ್ಚಾಗಿದೆ.

ಫಾನ್ ರೇಡೆ ಕೇಪ್‌ನಿಂದ ಶುರು ಮಾಡಿ ಸಿಲೋನ್, ಬಂಗಾಳ, ಕೋರಮಂಡಲ, ಮಲಬಾರ್ ಹೀಗೆ ಏಳು ವರ್ಷ ಕೋಠಿಯಿಂದ ಕೋಠಿಗೆ ತಿರುಗಿದರು. ಪುಸ್ತಕ ತೆರೆಸಿದರು, ಬಂಗಾಳದಲ್ಲಿ ದೊಡ್ಡ ದೊಡ್ಡವರನ್ನು ಕೆಲಸದಿಂದ ತೆಗೆದರು, ಹೊಸ ನಿಯಮ ಬರೆದರು. 1691ರ ಡಿಸೆಂಬರ್ 15ರಂದು ಮಲಬಾರಿನಿಂದ ಸೂರತ್‌ಗೆ ಹೋಗುವ ದಾರಿಯಲ್ಲಿ ಹಡಗಿನಲ್ಲೇ ತೀರಿಕೊಂಡರು. ನಮ್ಮ ಕರಾವಳಿಯನ್ನು ಬಲಗಡೆಗೆ ಇಟ್ಟುಕೊಂಡೇ ಆ ಹಡಗು ಹೋಗಿರಬೇಕು. ಸೂರತ್‌ನಲ್ಲಿ ಅವರ ಗೋರಿ ಒಂದು ಸಣ್ಣ ಅರಮನೆಯಷ್ಟಿದೆ. ಅವರು ತೆಗೆದವರ ಜಾಗಕ್ಕೆ ಬೇರೆಯವರು ಬಂದರು. ಸಂಬಳ ಅಷ್ಟೇ ಇತ್ತು, ಪೆಟ್ಟಿಗೆಯ ಅಳತೆಯೂ ಅಷ್ಟೇ. ಹೊಸಬರೂ ಹಳಬರ ಹಾಗೆಯೇ ಮಾಡಿದರು. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಹೊಸ ಫ್ಯೂಸ್ ಹಾಕುತ್ತಾ ಕೂರುವುದಲ್ಲ, ಲೋಡ್ ನೋಡಬೇಕು ಅಂತ ಐಟಿಐ ಮೊದಲ ವರ್ಷವೇ ನಮಗೆ ಕಲಿಸಿದ್ದರು.

ಒಪ್ಪಿಕೊಳ್ಳಬೇಕು, ಎಲ್ಲವನ್ನೂ ನಿಯಮದ ಮೇಲೆ ಹಾಕುವುದೂ ಸರಿಯಲ್ಲ. ಹಸಿದವನ ಒಂದು ಗಂಟು ಬಟ್ಟೆ ಬೇರೆ, ಗವರ್ನರ್ ಹಡಗು ತುಂಬಿಸಿಕೊಂಡದ್ದು ಬೇರೆ. ‘ಕೊರುಪ್ಸಿ’ ಅನ್ನುವ ಒಂದೇ ಪದ ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ, ನನಗೆ ಸಿಟ್ಟು ಬರುವುದು ಅಲ್ಲಿ. ದೊಡ್ಡವರಿಗೆ ಕಂಪನಿ ನಿಯಮವನ್ನೇ ಸಡಿಲಿಸಿದ್ದೂ ಉಂಟು. 1745ರಲ್ಲಿ ಗವರ್ನರ್ ಜನರಲ್ ಫಾನ್ ಇಮ್‌ಹಾಫ್ ಬಟಾವಿಯಾದಲ್ಲಿ ಒಂದು ಅಫೀಮು ಸಂಘ ಮಾಡಿದ. ಕಂಪನಿಯ ಹಿರಿಯ ನೌಕರರೇ ಅದರ ಪಾಲುದಾರರು. ಕದ್ದು ನಡೆಯುತ್ತಿದ್ದ ವ್ಯಾಪಾರಕ್ಕೆ ರಶೀದಿ ಪುಸ್ತಕ ಕೊಟ್ಟ ಹಾಗೆ.

ಮುಳುಗಿದ್ದಕ್ಕೆ ಬೇರೆ ಕಾರಣಗಳೂ ಬೇಕಾದಷ್ಟಿವೆ. ಜನ ಮೆಣಸಿಗಿಂತ ಬಟ್ಟೆ, ಚಹಾ ಹೆಚ್ಚು ಕೇಳತೊಡಗಿದರು, ಆ ಪೇಟೆಯಲ್ಲಿ ಇಂಗ್ಲಿಷರು ಮುಂದಿದ್ದರು. 1733ರಿಂದ ಬಟಾವಿಯಾದಲ್ಲಿ ಮಲೇರಿಯಾ ಹೊಕ್ಕು ಹೊಸದಾಗಿ ಬಂದಿಳಿದವರನ್ನು ಗುಂಪುಗುಂಪಾಗಿ ಕೊಂದಿತು, ಕೆಲಸ ಗೊತ್ತಿರುವ ಕೈಗಳೇ ಉಳಿಯಲಿಲ್ಲ. ಏಷ್ಯಾದ ಲೆಕ್ಕ ಬಟಾವಿಯಾದಲ್ಲಿ, ಇಲ್ಲಿನ ಲೆಕ್ಕ ಇಲ್ಲಿ. ಎರಡನ್ನೂ ಸೇರಿಸಿ ಕಂಪನಿಗೆ ಒಟ್ಟಿನಲ್ಲಿ ಲಾಭವೋ ನಷ್ಟವೋ ಅಂತ ತೋರಿಸುವ ಒಂದು ಪುಸ್ತಕ ಇರಲಿಲ್ಲ. ಗಣಿತ ಬಲ್ಲ ನಿರ್ದೇಶಕ ಯೊಹಾನೆಸ್ ಹುಡ್ಡೆ ಹದಿನೇಳನೇ ಶತಮಾನದ ಕೊನೆಯಲ್ಲೇ ಇದನ್ನು ಸರಿಪಡಿಸಲು ನೋಡಿದ, ಆಗಲಿಲ್ಲ. ಪ್ರತಿ ನಾವಿಕನ ಶರ್ಟು ಬೂಟಿನ ಸಾಲ ಬರೆದಿಟ್ಟ ಕಂಪನಿಗೆ ತನ್ನ ಲಾಭನಷ್ಟ ಗೊತ್ತಿರಲಿಲ್ಲ! 1780ರಿಂದ 1784ರವರೆಗೆ ಇಂಗ್ಲಿಷರ ಜತೆ ಯುದ್ಧವಾಗಿ ಹಡಗುಗಳು, ಸರಕು ಹೋದವು. ಸಾಲ ಏರಿತು. 1796ರಲ್ಲಿ ಸರಕಾರ ಹದಿನೇಳು ಯಜಮಾನರನ್ನು ಮನೆಗೆ ಕಳಿಸಿತು. 1799ರ ಡಿಸೆಂಬರ್ 31ಕ್ಕೆ ಸನ್ನದು ಮುಗಿಯಿತು.

ಉಳಿದದ್ದು ಕಾಗದ. ದೆನ್ ಹಾಗ್‌ನ ರಾಷ್ಟ್ರೀಯ ದಾಖಲೆ ಕಚೇರಿಯಲ್ಲಿ ಹಡಗಿಗೊಂದರಂತೆ ಸುಮಾರು 2,800 ಸಂಬಳ ಪುಸ್ತಕಗಳಿವೆ, ಹೆಚ್ಚಿನವು ಹದಿನೆಂಟನೇ ಶತಮಾನದವು. ಕಂಪನಿಯ ದಾಖಲೆಗಳನ್ನು 2003ರಲ್ಲಿ ಯುನೆಸ್ಕೋ ಜಗತ್ತಿನ ಸ್ಮೃತಿ ಪಟ್ಟಿಗೆ ಸೇರಿಸಿದೆ. ಏಳು ಲಕ್ಷಕ್ಕೂ ಹೆಚ್ಚು ನಮೂದುಗಳನ್ನು ಕಂಪ್ಯೂಟರಿನಲ್ಲಿ ಹುಡುಕಬಹುದು. ಒಬ್ಬೊಬ್ಬನಿಗೂ ಎದುರುಬದುರು ಎರಡು ಪುಟ. ಎಡಪುಟದಲ್ಲಿ ಅವನ ಸಾಲ, ಬಲಪುಟದಲ್ಲಿ ಅವನ ಗಳಿಕೆ. ಊರು, ಹುದ್ದೆ, ಹಡಗಿನ ಹೆಸರು, ಕೊನೆಗೆ ಏನಾಯಿತು ಅಂತ ಒಂದು ಸಾಲು: ವಾಪಸು ಬಂದ, ಓಡಿಹೋದ, ಸತ್ತ. ಸ್ಕ್ಯಾನ್ ಪುಟಗಳನ್ನು ಮನೆಯಲ್ಲೇ ಕೂತು ತಿರುವುತ್ತಾ ಹೋದೆ. ಆ ಹಳೆಯ ಕೈಬರಹದಲ್ಲಿ ನಾನು ಮೊದಲು ಗುರುತು ಹಿಡಿಯಲು ಕಲಿತ ಪದ ‘ಓವರ್‌ಲೇಡನ್’. ಸತ್ತ ಅಂತ. ಎಷ್ಟೋ ಜನರ ಎಡಪುಟ ತುಂಬಿದೆ, ಬಲಪುಟ ನಾಲ್ಕೇ ಸಾಲಿಗೆ ನಿಂತಿದೆ.

ನಮ್ಮ ಬಸ್ರೂರಿನಲ್ಲಿ ಮುಡಿ ಹೊತ್ತವರ, ದೋಣಿ ನಡೆಸಿದವರ ಹೆಸರು ಇವುಗಳಲ್ಲಿ ಇಲ್ಲ. ಅವರಿಗೆ ಎಡಪುಟವೂ ಇಲ್ಲ, ಬಲಪುಟವೂ ಇಲ್ಲ.

2020ರ ಅಕ್ಟೋಬರಿನಲ್ಲಿ ಎಮಿಲ್ ರೂಮರ್ ಅವರ ಸಮಿತಿ ಇಲ್ಲಿನ ವಲಸೆ ಕಾರ್ಮಿಕರ ಬಗ್ಗೆ ಒಂದು ವರದಿ ಕೊಟ್ಟಿತು. ‘ಎರಡನೇ ದರ್ಜೆಯ ನಾಗರಿಕರಲ್ಲ’ ಅಂತ ಅದರ ಹೆಸರು. ಮನೆಯ ಕರಾರು ಬೇರೆ, ಕೆಲಸದ ಕರಾರು ಬೇರೆ ಇರಬೇಕು, ಕೆಲಸ ಹೋದ ದಿನವೇ ಹಾಸಿಗೆಯೂ ಹೋಗಬಾರದು ಅಂತ ಅದರಲ್ಲಿದೆ. ಓದುವಾಗ ನನಗೆ ಝೀಲ್‌ಫರ್‌ಕೋಪರನ ಮನೆಯೇ ಕಣ್ಣಿಗೆ ಬಂತು. ಊಟ, ಹಾಸಿಗೆ, ಕೆಲಸ ಮೂರೂ ಒಬ್ಬನ ಕೈಯಲ್ಲಿ. ಆ ವರದಿಯನ್ನು ನಮ್ಮ ಗೋದಾಮಿನ ಹುಡುಗನಿಗೂ ಕಳಿಸಿದೆ. ಅವನ ಮಣಿಕಟ್ಟು ಸರಿಯಾಗಿದೆ, ಬೇರೆ ಕಡೆ ಕೆಲಸಕ್ಕೆ ಹೋಗುತ್ತಿದ್ದಾನೆ. ಸೆನ್ಸರ್ ಕೊನೆಗೂ ಬದಲಾಯಿತು, ನಾನೇ ಹಾಕಿದೆ. ವರದಿಯ ಆ ಎರಡು ಪದ ಮಾತ್ರ ಹಾಗೇ ಇವೆ. ಅದರ ಕೆಳಗೆ ಎರಡು ಸಲ ಬರೆದುಕೊಟ್ಟ ತಾರೀಕುಗಳನ್ನು ಸೇರಿಸಿ ಅಂತ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ದಾಖಲೆ ಕಚೇರಿ ದೆನ್ ಹಾಗ್ ಸೆಂಟ್ರಲ್ ಸ್ಟೇಷನ್ನಿನ ಪಕ್ಕದಲ್ಲೇ ಇದೆ, ನಡೆದು ಹೋಗುವಷ್ಟು ಹತ್ತಿರ. ಬಸ್ರೂರಿನ ಕಾಗದಗಳನ್ನು ನೋಡಲು ಒಂದು ದಿನ ರಜೆ ಹಾಕಿ ಹೋಗೋಣ ಅಂತ ನಾವು ಮೂವರು ಮಾತಾಡಿಕೊಂಡಿದ್ದೇವೆ. ಹಳೆಯ ಡಚ್ ಕೈಬರಹ ಓದಲು ಬರುವವರು ನಮ್ಮ ಬಳಗದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಬುತ್ತಿ ನಾವು ತರುತ್ತೇವೆ.